ಶೀಟ್ ಮನೆಯ ಮಕ್ಕಳಿಗೆ ಕಲ್ನಾರಿನ ಪಾಠ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದ ಉಸಿರಾಟದ ಭಾಗಕ್ಕೆ ಪೂರಕವಾಗಿ ಸ್ಥಳೀಯ ವಿಷಯವೊಂದನ್ನು ಆರಿಸಿಕೊಂಡು ಪಾಠಯೋಜನೆ ಬರೆಯಬೇಕಿತ್ತು. ನಾನು ಆರಿಸಿಕೊಂಡದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕ ಶಾಲೆ ಬನಶಂಕರಿ ಕಡೆಯದು. ತರಗತಿಯ ಅರ್ಧದಷ್ಟು ಮಕ್ಕಳು ಶೀಟ್ ಮನೆಯವರು.

ದಕ್ಷಿಣ ಬೆಂಗಳೂರು ಎಂದರೆ ಜಯನಗರದ ಸಾಲುಮರ, ಜೆ.ಪಿ. ನಗರದ ಅಪಾರ್ಟ್‌ಮೆಂಟು ಎಂದು ಹೊರಗಿನವರು ತಿಳಿದಿರುತ್ತಾರೆ. ಆ ಬಡಾವಣೆಗಳ ಮಗ್ಗುಲಲ್ಲೇ ಹಳೆಯ ಹಳ್ಳಿಗಳಿವೆ: ಯಡಿಯೂರು, ಸಾರಕ್ಕಿ, ಕದಿರೇನಹಳ್ಳಿ. ಬಿಟಿಎಂ ಎಂಬ ಹೆಸರೇ ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ. ಇಲ್ಲಿನ ಓಣಿಗಳ ವಠಾರಗಳಲ್ಲಿ, ಮಹಡಿಯ ಮೇಲೆ ಕಟ್ಟಿದ ಒಂಟಿ ಕೋಣೆಗಳಲ್ಲಿ ಬೂದು ಬಣ್ಣದ ಅಲೆಅಲೆ ಶೀಟು ಸಾಮಾನ್ಯ. ಮೋಲ್ಡ್ ಮನೆಗೆ ಅಡ್ವಾನ್ಸ್ ಹೆಚ್ಚು, ಶೀಟ್ ಮನೆಗೆ ಕಡಿಮೆ. ಯಾರೂ ಇದನ್ನು ಆಸ್ಬೆಸ್ಟಾಸ್ ಎನ್ನುವುದಿಲ್ಲ, ‘ಸಿಮೆಂಟ್ ಶೀಟು’ ಎನ್ನುತ್ತಾರೆ. ಆ ಹೆಸರಿನಿಂದಲೇ ಒಳಗಿರುವ ನಾರು ಮರೆತುಹೋಗಿದೆ.

ಕಲ್ನಾರು ಕಾರ್ಖಾನೆಯಲ್ಲಿ ತಯಾರಾದ ವಸ್ತುವಲ್ಲ, ನೆಲದಿಂದ ತೆಗೆಯುವ ಖನಿಜ. ನಮ್ಮ ದೇಶದಲ್ಲಿ ಅದರ ನಿಕ್ಷೇಪ ರಾಜಸ್ಥಾನವನ್ನು ಬಿಟ್ಟರೆ ಹೆಚ್ಚಾಗಿರುವುದು ಕರ್ನಾಟಕದಲ್ಲೇ. ಗಣಿಗಾರಿಕೆಗೆ ಈಗ ಹೊಸ ಗುತ್ತಿಗೆ ಕೊಡುವುದಿಲ್ಲ. ಆದರೆ ರಷ್ಯಾ, ಕಜಕಸ್ತಾನಗಳಿಂದ ತರಿಸಿ ಶೀಟು ಮಾಡುವುದಕ್ಕೆ ಅಡ್ಡಿಯಿಲ್ಲ. ಅಗೆಯಬಾರದು, ಆಮದು ಮಾಡಬಹುದು! ಈ ವಿಚಿತ್ರವನ್ನು ಸಮಾಜ ವಿಜ್ಞಾನದ ಸಹಪಾಠಿಗಳು ಎತ್ತಿಕೊಳ್ಳಲಿ.

ಶೀಟಿನಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಬಿಳಿ ಕಲ್ನಾರು, ಅಂದರೆ ಕ್ರೈಸೋಟೈಲ್ ಎಂಬ ಮೆಗ್ನೀಸಿಯಂ ಸಿಲಿಕೇಟ್ ಇರುತ್ತದೆ. ಉಳಿದದ್ದು ಬಹುಪಾಲು ಸಿಮೆಂಟು ಮತ್ತು ಹಾರುಬೂದಿ. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ ಇಲ್ಲಿ ನಾರು ಕಲಸಿದೆ ಎಂದರೆ ಮಕ್ಕಳಿಗೆ ಹೊಳೆಯುತ್ತದೆ. ನಾರು ಸಿಮೆಂಟಿನ ಹಿಡಿತದಲ್ಲಿರುವ ತನಕ ಗಾಳಿಗೆ ಬರುವುದು ತೀರಾ ಕಡಿಮೆ. ಕೊಯ್ದಾಗ, ಕೊರೆದಾಗ, ಒಡೆದಾಗ, ಉಜ್ಜಿದಾಗ ಹಿಡಿತ ತಪ್ಪುತ್ತದೆ. ಪಾಠದ ತಿರುಳು ಇಷ್ಟೇ: ತಲೆಯ ಮೇಲಿನ ಶೀಟಿಗಿಂತ ಅದರ ದೂಳು ಅಪಾಯ.

ಆ ದೂಳು ಸಾಮಾನ್ಯ ದೂಳಿನಂತಲ್ಲ ಏಕೆ? ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಆರೋಗ್ಯದ ಲೆಕ್ಕಕ್ಕೆ ಎಣಿಸುವ ಕಲ್ನಾರಿನ ಎಳೆ 3 ಮೈಕ್ರೋಮೀಟರಿಗಿಂತ ಸಪೂರ, 5 ಮೈಕ್ರೋಮೀಟರಿಗಿಂತ ಉದ್ದ. ಮೂಗಿನ ಕೂದಲು, ಶ್ವಾಸನಾಳದ ಲೋಳೆ, ಲೋಮಾಂಗಗಳನ್ನು ದಾಟಿ ಅದು ಗಾಳಿಗೂಡಿನವರೆಗೂ ಹೋಗಬಲ್ಲದು. ಅಲ್ಲಿ ಕಾವಲಿರುವ ಭಕ್ಷಕಕೋಶಗಳು ಅದನ್ನು ನುಂಗಲು ನೋಡುತ್ತವೆ. ಎಳೆ ಕೋಶಕ್ಕಿಂತ ಉದ್ದವಾಗಿದ್ದರೆ ನುಂಗಲೂ ಆಗದು, ಬಿಡಲೂ ಆಗದು. ಸುತ್ತಲಿನ ಅಂಗಾಂಶದಲ್ಲಿ ಉರಿಯೂತ ಶುರುವಾಗಿ ವರ್ಷಗಟ್ಟಲೆ ನಡೆಯುತ್ತದೆ. ಕಪ್ಪುಹಲಗೆಯ ಮೇಲೆ ಒಂದು ವೃತ್ತ ಬರೆದು ಅದನ್ನು ಚುಚ್ಚಿಕೊಂಡು ಎರಡೂ ಕಡೆ ಹೊರಗೆ ಚಾಚಿದ ಗೆರೆ ಎಳೆದೆ. ಒಂದು ಗಂಟೆಯ ಪಾಠದಲ್ಲಿ ಇಷ್ಟು ಕೆಲಸ ಮಾಡಿದ ಚಿತ್ರ ಬೇರೆ ಇಲ್ಲ.

ಇದರಿಂದ ಬರುವ ಕಾಯಿಲೆಗಳು ಮುಖ್ಯವಾಗಿ ಮೂರು. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ತಗಲುವ ಮೀಸೋಥೀಲಿಯೋಮ. ದೂಳು ಕುಡಿದ ಇಪ್ಪತ್ತರಿಂದ ನಲವತ್ತು ವರ್ಷಗಳ ಮೇಲೆ ಇವು ತಲೆ ಎತ್ತುತ್ತವೆ. ಬೀಡಿ, ಸಿಗರೇಟು ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಹಲವು ಪಟ್ಟು ಹೆಚ್ಚು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು, ಬಿಳಿಯದೂ ಸೇರಿ.

ಇಲ್ಲಿಗೆ ಬಂದಾಗ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ನಮ್ದೂ ಶೀಟ್ ಮನೇನೇ. ನಮ್ಗೂ ಬರತ್ತಾ?”

ಈ ಪ್ರಶ್ನೆ ಬಂದೇ ಬರುತ್ತದೆಂದು ಉತ್ತರವನ್ನು ಪಾಠಯೋಜನೆಯಲ್ಲೇ ಬರೆದುಕೊಂಡಿದ್ದೆ. ‘ಏನೂ ಆಗಲ್ಲ ಕೂತ್ಕೋ’ ಎಂದರೆ ಸುಳ್ಳು. ‘ಅಪಾಯ’ ಎಂದಷ್ಟೇ ಹೇಳಿ ಬಿಟ್ಟರೆ ಮಗು ರಾತ್ರಿ ಸೂರು ನೋಡುತ್ತಾ ಮಲಗುತ್ತದೆ. ಮನೆ ಬದಲಿಸುವುದು ಅವಳ ಕೈಯಲ್ಲೂ ಇಲ್ಲ, ಅವಳ ಅಪ್ಪ ಅಮ್ಮನ ಕೈಯಲ್ಲೂ ಇಲ್ಲ. ಹಾಗಾಗಿ ಹೇಳಿದ್ದು: “ಗಟ್ಟಿಯಾಗಿರುವ ಶೀಟಿನ ಕೆಳಗೆ ವಾಸ ಮಾಡೋದರಿಂದ ಕಾಯಿಲೆ ಬರೋ ಸಂಭವ ತುಂಬಾ ಕಡಿಮೆ. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಅದರ ದೂಳಲ್ಲಿ ಕೆಲಸ ಮಾಡಿದವರು. ದೂಳು ಏಳದ ಹಾಗೆ ನೋಡ್ಕೊಳ್ಳೋದು ನಿನ್ನ ಕೈಯಲ್ಲಿದೆ. ಹೇಗೆ ಅಂತ ಈಗ ನೋಡೋಣ.” ಬ್ರಿಟನ್ 1999ರಲ್ಲೇ ಕಲ್ನಾರನ್ನು ನಿಷೇಧಿಸಿದರೂ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಅದು ಇನ್ನೂ ಇದೆ, ಚೆನ್ನಾಗಿರುವುದನ್ನು ಕೆದಕದೆ ಆಗಾಗ ನೋಡಿಕೊಳ್ಳಿ ಎಂಬುದೇ ಅಲ್ಲಿನ ನಿಯಮ ಎಂದಾಗ ಹುಡುಗಿ ಕೂತಳು.

ದೂಳು ಎಲ್ಲೆಲ್ಲಿ ಏಳುತ್ತದೆ ಎಂದು ಮಕ್ಕಳನ್ನೇ ಕೇಳಿದೆ. ನನ್ನ ಪಟ್ಟಿಗಿಂತ ಅವರದು ಉದ್ದವಾಯಿತು. ಮಳೆಗಾಲಕ್ಕೆ ಮುಂಚೆ ಶೀಟಿನ ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆಯುವುದು. ಫ್ಯಾನು ನೇತುಹಾಕಲು, ಕೇಬಲ್ ಎಳೆಯಲು ತೂತು ಕೊರೆಯುವುದು. ಪಕ್ಕದ ಮನೆಯ ತೆಂಗಿನಕಾಯಿ ಬಿದ್ದು, ಆಲಿಕಲ್ಲು ಬಿದ್ದು ಒಡೆಯುವುದು. ಒಬ್ಬ ಹುಡುಗ, ಕುಂಟೆಬಿಲ್ಲೆಗೆ ಶೀಟಿನ ಚೂರನ್ನು ಚಪ್ಪಡಿಗೆ ಉಜ್ಜಿ ಗುಂಡಗೆ ಮಾಡಿಕೊಳ್ಳುತ್ತೇವೆ ಎಂದ. ಇನ್ನೊಬ್ಬ, ಚೂರನ್ನು ಬೆಂಕಿಗೆ ಹಾಕಿದರೆ ಪಟಾಕಿಯಂತೆ ಸಿಡಿಯುತ್ತದೆ ಎಂದ. ಒಳಗಿನ ತೇವ ಆವಿಯಾಗಿ ಹೊರಬರಲು ಜಾಗವಿಲ್ಲದೆ ಸಿಡಿಯುವುದು ನಿಜ. ಒಳ್ಳೆಯ ವಿಜ್ಞಾನ, ಕೆಟ್ಟ ಆಟ. ಬಿಲ್ಲೆಗೆ ಹೆಂಚಿನ ಚೂರು ಸಾಕೆಂದು ತರಗತಿಯಲ್ಲೇ ತೀರ್ಮಾನವಾಯಿತು.

ಬಿರುಕು ಬಿಟ್ಟರೆ ಏನು ಮಾಡಬೇಕು? ಕೆರೆಯದೆ, ಮೇಲಿನಿಂದ ಅಂಟುಪಟ್ಟಿಯನ್ನೋ ಡಾಂಬರನ್ನೋ ಹಾಕಿ ಮುಚ್ಚಬಹುದು. ಬೇಸಿಗೆಯ ಕಾವಿಗೆ ಬಳಿಯುವ ಬಿಳಿ ಬಣ್ಣ ನಾರನ್ನೂ ಹಿಡಿದಿಡುತ್ತದೆ, ಬಳಿಯುವ ಮೊದಲು ಒಣಗಿದ ಮೈ ಉಜ್ಜದಿದ್ದರೆ. ಕೆಳಗೆ ಸೀಲಿಂಗ್ ಹಾಕಿಸುವುದೂ ಒಳ್ಳೆಯದೇ, ಮೊಳೆ ಶೀಟಿಗೆ ಹೊಡೆಯದೆ ಮರದ ಪಟ್ಟಿಗೆ ಹೊಡೆದರೆ. ತೂತು ಕೊರೆಯಲೇಬೇಕಾದರೆ ಜಾಗವನ್ನು ನೀರಿನಿಂದ ನೆನೆಸಿ ಕೈ ಡ್ರಿಲ್ಲಿನಲ್ಲಿ ನಿಧಾನಕ್ಕೆ ಕೊರೆಯಬೇಕು. ಗ್ರೈಂಡರ್ ಯಂತ್ರ ಬೇಡವೇ ಬೇಡ. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಿದರೆ ಮತ್ತೆ ಗಾಳಿಗೇ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಕವರಿನಲ್ಲಿ ಕಟ್ಟಬೇಕು. ಮೂಗಿಗೆ ಕಟ್ಟಿದ ಕರ್ಚೀಫು ಈ ಎಳೆಯನ್ನು ತಡೆಯುವುದಿಲ್ಲ. ಇನ್ನೊಂದು ಮಾತು: ಶೀಟಿನ ಮೇಲೆ ನೇರವಾಗಿ ಕಾಲಿಟ್ಟು ಬಿದ್ದರೆ ಅಪಾಯ ಬರಲು ಇಪ್ಪತ್ತು ವರ್ಷ ಬೇಕಿಲ್ಲ.

ನೀರಿನ ಪ್ರಶ್ನೆಯೂ ಬಂತು. ಜಯನಗರ 5ನೇ ಬ್ಲಾಕಿನ ಮಳೆನೀರು ಕೊಯ್ಲು ಉದ್ಯಾನಕ್ಕೆ ಮಕ್ಕಳು ಪ್ರವಾಸ ಹೋಗಿ ಬಂದಿದ್ದರು. ಶೀಟಿನ ಮೇಲಿನ ನೀರು ಹಿಡಿಯಬಹುದೇ? ಕುಡಿದ ನಾರಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ, ಉಸಿರಾಡಿದ್ದೇ ಮುಖ್ಯ. ಆದರೂ ಹಳೆಯ, ಸವೆದ ಶೀಟಿನ ನೀರನ್ನು ಕುಡಿಯಲು ಬಳಸದೆ ಗಿಡಕ್ಕೆ, ಬಚ್ಚಲಿಗೆ ಬಿಡುವುದು ಲೇಸು.

ಎಲ್ಲ ಶೀಟೂ ಕಲ್ನಾರಲ್ಲ. ತಟ್ಟಿದರೆ ಟಣ್ ಎಂದು ಮೊಳಗುವುದು ತಗಡು. ಬೂದು ಬಣ್ಣದ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇಲ್ಲವೆಂದು ಕಣ್ಣಿಂದ ಹೇಳಲಾಗದು, ಅದಕ್ಕೆ ಪ್ರಯೋಗಾಲಯದ ಸೂಕ್ಷ್ಮದರ್ಶಕ ಬೇಕು. ‘ಕಲ್ನಾರುರಹಿತ’ ಎಂದು ಕೊಂಡದ್ದಲ್ಲದಿದ್ದರೆ ಇದೆಯೆಂದೇ ತಿಳಿದು ನಡೆದುಕೊಳ್ಳುವುದು ಒಳ್ಳೆಯದು.

ನನಗೆ ಹೆಚ್ಚು ಕಾಳಜಿ ಇರುವುದು ಮನೆಯಲ್ಲಿರುವವರ ಬಗ್ಗೆಗಿಂತ ಮನೆ ಒಡೆಯುವವರ ಬಗ್ಗೆ. ಜಯನಗರದ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟಾಗುತ್ತಿವೆ. ಕಾರು ಶೆಡ್ಡಿನ, ಹಿತ್ತಿಲಿನ ಶೀಟನ್ನು ಸುತ್ತಿಗೆಯಿಂದ ಒಡೆದು ಕೆಡವುವವರು ಇದೇ ಮಕ್ಕಳ ಅಪ್ಪಂದಿರು. ಬೋಲ್ಟು ಬಿಚ್ಚಿ, ನೆನೆಸಿ, ಇಡಿಯಾಗಿ ಇಳಿಸಿದರೆ ದೂಳು ಬಹಳ ಕಡಿಮೆಯಾಗುತ್ತದೆ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವದೆ ಬೇರೆಯಾಗಿ ನೆನೆಸಿ ಒಗೆಯಬೇಕು. ಗಂಡನ ಬಟ್ಟೆ ಒಗೆದ ಹೆಂಗಸರಿಗೇ ಕಾಯಿಲೆ ಬಂದದ್ದು ಹೊರದೇಶಗಳಲ್ಲಿ ದಾಖಲಾಗಿದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ತೀರ್ಪು ಕೊಟ್ಟಿತು. ದಿನಗೂಲಿಗೆ ಶೀಟು ಒಡೆಯುವವನ ದಾಖಲೆ ಇಡುವವರು ಯಾರು?

ಒಡೆದ ಚೂರುಗಳ ಗತಿ ಇನ್ನೂ ಕಷ್ಟ. ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯ ಬಳಿ ಜಾಗವಿದೆ. ಮನೆಯ ನಾಲ್ಕು ಶೀಟು ಸಾಮಾನ್ಯವಾಗಿ ಹೋಗುವುದು ಖಾಲಿ ಸೈಟಿಗೆ, ಆಟವಾಡುವ ಜಾಗಕ್ಕೆ. ಮಕ್ಕಳಿಗೆ ಮನೆಗೆಲಸವಾಗಿ ಕೊಟ್ಟದ್ದು ಇದನ್ನೇ: ತಮ್ಮ ಬೀದಿಯಲ್ಲಿ ಶೀಟಿನ ಚೂರು ಬಿದ್ದಿರುವ ಜಾಗಗಳನ್ನು, ಮುಟ್ಟದೆ, ನಕ್ಷೆಯಲ್ಲಿ ಗುರುತಿಸಿ ತರುವುದು. ಮೂವತ್ತಕ್ಕೂ ಹೆಚ್ಚು ಗುರುತುಗಳು ಬಂದವು. ಅವುಗಳಲ್ಲಿ ಎರಡು ನಮ್ಮ ಶಾಲೆಯ ಕಾಂಪೌಂಡಿಗೆ ಒರಗಿದ್ದವು. ನಕ್ಷೆಯನ್ನು ಮುಖ್ಯ ಶಿಕ್ಷಕರಿಗೆ ಒಪ್ಪಿಸಿದ್ದೇವೆ. ವಾರ್ಡ್ ಕಚೇರಿಗೆ ಬರೆಯುವ ಅರ್ಜಿಯನ್ನು ಕನ್ನಡ ಬೋಧನೆಯ ಸಹಪಾಠಿ ಮುಂದಿನ ವಾರದ ಪತ್ರಲೇಖನದ ಪಾಠಕ್ಕೆ ತೆಗೆದುಕೊಂಡಿದ್ದಾರೆ.