ಯಂತ್ರ ಕಾಣದ ತೆರಪು

ರಾಯಚೂರು ಜಿಲ್ಲೆಯ ಸಿಂಧನೂರು, ಬಳಗಾನೂರುಗಳ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುವುದು. ಪೈರಿನ ಸಾಲುಗಳು ಎಷ್ಟೇ ಅಚ್ಚುಕಟ್ಟಾಗಿರಲಿ, ನೀರು ಅವನ್ನು ಲೆಕ್ಕಿಸದು. ಬದು ಇರುವಲ್ಲಿ ಮಾತ್ರ ನಿಲ್ಲುವುದು. ಗಣಕಯಂತ್ರಕ್ಕಾಗಿ ಬರೆಯುವ ಕ್ರಮವಿಧಿ, ಎಂದರೆ ಪ್ರೋಗ್ರಾಮು, ಹೆಚ್ಚುಕಡಿಮೆ ಇಂತಹುದೇ.

ಸಿ ಎಂಬ ಭಾಷೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಒಂದು ಷರತ್ತಿಗೆ ಒಳಪಟ್ಟ ಆಜ್ಞೆಗಳನ್ನು ಪುಷ್ಪಾವರಣದೊಳಗೆ ಇಡುತ್ತೇವೆ. ಆವರಣವೇ ಇಲ್ಲಿಯ ಬದು. ಅದನ್ನು ಹಾಕದೆ ಬಿಟ್ಟರೆ ಷರತ್ತು ಮುಂದಿನ ಒಂದೇ ಒಂದು ಆಜ್ಞೆಗೆ ಅನ್ವಯಿಸುವುದು. ಷರತ್ತಿಗೆ ಒಳಪಟ್ಟ ಸಾಲುಗಳನ್ನು ಎಡ ಅಂಚಿನಿಂದ ತುಸು ಒಳಕ್ಕೆ ಸರಿಸಿ ಬರೆಯುವ ರೂಢಿಯೂ ಉಂಟು. ಆದರೆ ಆ ತೆರಪು ಓದುವವನ ಕಣ್ಣಿಗಾಗಿ ಮಾತ್ರ. ಅದರಿಂದ ಯಂತ್ರಕ್ಕೆ ಯಾವ ಅರ್ಥವೂ ಹೊಳೆಯದು.

ಕಣ್ಣಿಗೊಂದು, ಯಂತ್ರಕ್ಕೊಂದು ಕಂಡರೆ ಆಗುವುದೇನು? ಆ್ಯಪಲ್ ಕಂಪೆನಿಯ ಐಫೋನುಗಳಲ್ಲಿದ್ದ ಒಂದು ದೋಷ 2014ರ ಫೆಬ್ರವರಿಯಲ್ಲಿ ಬಯಲಾಯಿತು. ನಾವು ಸಂಪರ್ಕಿಸಿದ ಜಾಲತಾಣ ನಿಜವಾದುದೇ ಎಂದು ಸಹಿಯನ್ನು ಪರೀಕ್ಷಿಸುವ ಕ್ರಮವಿಧಿ ಅದು. 'ತಪ್ಪು ಕಂಡುಬಂದರೆ ಕೊನೆಗೆ ಹೋಗು' ಎಂಬರ್ಥದ ಷರತ್ತಿನ ಕೆಳಗೆ, 'ಕೊನೆಗೆ ಹೋಗು' ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡೂ ಸಮನಾಗಿ ಒಳಸರಿದಿದ್ದುದರಿಂದ ಎರಡೂ ಷರತ್ತಿಗೆ ಒಳಪಟ್ಟಂತೆ ತೋರುತ್ತಿದ್ದವು. ಆವರಣವಿರಲಿಲ್ಲ. ಆದುದರಿಂದ ಎರಡನೆಯ ಸಾಲು ಯಾವ ಷರತ್ತೂ ಇಲ್ಲದೆ ಪ್ರತಿಸಲವೂ ನಡೆಯಿತು. ಸಹಿಯ ಪರೀಕ್ಷೆಯನ್ನು ಹಾರಿಹೋದ ಯಂತ್ರ 'ಎಲ್ಲವೂ ಸರಿ' ಎಂದೇ ವರದಿ ಕೊಟ್ಟಿತು. ನಡುವೆ ನುಸುಳಿದ ವಂಚಕನಿಗೆ ಇದಕ್ಕಿಂತ ಹೆಚ್ಚಿನ ಉಪಕಾರವಿಲ್ಲ.

1991ರಲ್ಲಿ ಗೀಡೋ ವಾನ್ ರಾಸಮ್ ಎಂಬ ಡಚ್ಚರು ಪ್ರಕಟಿಸಿದ ಪೈಥಾನ್ ಭಾಷೆಯಲ್ಲಿ ಈ ಒಡಕಿಗೆ ಎಡೆಯಿಲ್ಲ. ಅಲ್ಲಿ ತೆರಪೇ ಬದು. ಸಾಲು ಎಲ್ಲಿಗೆ ಸರಿದಿದೆಯೋ ಅರ್ಥವೂ ಅಲ್ಲಿಗೇ ಸೇರುತ್ತದೆ. ಒಂದೊಂದು ಹಂತಕ್ಕೆ ನಾಲ್ಕು ತೆರಪು ಬಿಡಬೇಕೆಂಬುದು ಅದರ ಶೈಲಿ ನಿಯಮ. 2009ರಲ್ಲಿ ಬಂದ ಗೋ ಭಾಷೆಯವರಂತೂ ಸಾಲು ಜೋಡಿಸುವ ಕೆಲಸವನ್ನೇ ಒಂದು ಉಪಕರಣಕ್ಕೆ ಒಪ್ಪಿಸಿಬಿಟ್ಟರು. ನಾಲ್ಕು ತೆರಪೋ ಎರಡೋ ಎಂಬ ಜಗಳ, ನಮ್ಮ ಎಣಿಕೆಯಲ್ಲಿ, ಅಷ್ಟು ದೊಡ್ಡದಲ್ಲ. ಒಂದೇ ಕಡತದಲ್ಲಿ ಎರಡು ಪದ್ಧತಿ ಬೆರೆತಾಗಲೇ ಕಣ್ಣು ಮೋಸಹೋಗುವುದು. ಸಿ ಬರೆಯುವ ವಿದ್ಯಾರ್ಥಿಗಳು ಒಂದೇ ಆಜ್ಞೆಯಿದ್ದರೂ ಆವರಣ ಹಾಕುವುದು ಲೇಸು.

ಸಿ ಭಾಷೆಯನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಎಂಬ ಪ್ರಸಿದ್ಧ ಅನುವಾದಕವು 2016ರ ಆವೃತ್ತಿಯಿಂದ, ತೆರಪು ಒಂದನ್ನು ಹೇಳಿ ಆವರಣ ಇನ್ನೊಂದನ್ನು ಹೇಳಿದಾಗ ಬರೆದವನನ್ನು ಎಚ್ಚರಿಸುತ್ತದೆ.