ಬ್ಯಾಂಕು ಹುದ್ದೆಯ ಸಂದರ್ಶನ: ಪೂರ್ವಸಿದ್ಧತೆಯ ವಿಚಾರ

‘ಸಂದರ್ಶನ’ವೆಂಬುದು ನಮ್ಮ ಭಾಷೆಯಲ್ಲಿ ಗೌರವದ ಮಾತು. ದೇವರ ಸಂದರ್ಶನ, ಗುರುಹಿರಿಯರ ಸಂದರ್ಶನ ಎನ್ನುವಾಗ ಕಾಣಹೋದವನು ಧನ್ಯನಾಗುತ್ತಾನೆ; ಉದ್ಯೋಗದ ಸಂದರ್ಶನದಲ್ಲಿಯಾದರೋ ಹೋದವನೇ ನೋಟಕ್ಕೆ ಗುರಿಯಾಗುತ್ತಾನೆ. ಈ ಅಳುಕಿನಿಂದಲೇ ಇರಬೇಕು, ಲಿಖಿತ ಪರೀಕ್ಷೆಗೆ ವರ್ಷಗಟ್ಟಲೆ ಶ್ರಮಿಸುವ ನಮ್ಮ ತರುಣ ತರುಣಿಯರು ಸಂದರ್ಶನವನ್ನು ಮಾತ್ರ ಅದೃಷ್ಟದ ಪಾಲಿಗೆ ಬಿಟ್ಟುಬಿಡುತ್ತಾರೆ. ಅದು ಹಾಗೆ ಬಿಡತಕ್ಕ ವಿಷಯವಲ್ಲವೆಂಬುದನ್ನು ನಾನು ಬಲ್ಲ ಬ್ಯಾಂಕು ಕ್ಷೇತ್ರದ ನಿದರ್ಶನದಿಂದ ಇಲ್ಲಿ ವಿಚಾರಿಸುತ್ತೇನೆ.

ಸ್ಟೇಟ್ ಬ್ಯಾಂಕಿನ ನೇಮಕಾತಿ ಪ್ರತ್ಯೇಕ. ಉಳಿದ ಸಾರ್ವಜನಿಕ ಬ್ಯಾಂಕುಗಳ ಪ್ರೊಬೇಷನರಿ ಅಧಿಕಾರಿಗಳ ಸಾಮಾನ್ಯ ನೇಮಕಾತಿಯಲ್ಲಿ ಸಂದರ್ಶನಕ್ಕೆ 100 ಅಂಕಗಳು. ಅದರಲ್ಲಿ ತೇರ್ಗಡೆಗೆ ಕನಿಷ್ಠ 40, ಮೀಸಲು ವರ್ಗದವರಿಗೆ 35 ಬೇಕು. ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೂ ಸಂದರ್ಶನಕ್ಕೂ ಇರುವ ಪ್ರಮಾಣ 80ಕ್ಕೆ 20. ಇಪ್ಪತ್ತು ಅಲ್ಪವೆಂದು ತೋರಬಹುದು. ಆದರೆ ಆ ಬಾಗಿಲಿನವರೆಗೆ ಬಂದವರು ಲಿಖಿತ ಪರೀಕ್ಷೆಯಲ್ಲಿ ಒಬ್ಬರನ್ನೊಬ್ಬರು ಒತ್ತಿಕೊಂಡೇ ನಿಂತಿರುತ್ತಾರೆ. ಅಲ್ಲಿ ಮೇಲು ಕೀಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಇಪ್ಪತ್ತೇ.

ಮಂಡಲಿಯ ಮುಂದೆ ಅಭ್ಯರ್ಥಿಗಿಂತ ಮೊದಲು ಬಂದು ಕುಳಿತಿರುವುದು ಅವನ ಅರ್ಜಿ. ಸದಸ್ಯರಿಗೆ ಅವನ ವಿಷಯದಲ್ಲಿ ತಿಳಿದಿರುವುದು ಅಷ್ಟೇ. ಪ್ರಶ್ನೆಗಳು ಹುಟ್ಟುವುದೂ ಅಲ್ಲಿಂದಲೇ. ಹುಟ್ಟೂರು, ಮಾತೃಭಾಷೆ, ಪದವಿಯ ವಿಷಯ, ಹವ್ಯಾಸ, ಹಿಂದೆ ಮಾಡಿದ ಕೆಲಸ—ತಾನೇ ಬರೆದುಕೊಟ್ಟ ಒಂದೊಂದು ಶಬ್ದಕ್ಕೂ ಅವನು ಉತ್ತರವಾದಿ. ಹವ್ಯಾಸದ ಅಂಕಣದಲ್ಲಿ ‘ವಾಚನ’ವೆಂದು ಬರೆದು, ಕಡೆಯದಾಗಿ ಓದಿದ ಪುಸ್ತಕ ಯಾವುದೆಂದರೆ ಛಾವಣಿಯನ್ನು ನೋಡುವವರು ಒಬ್ಬಿಬ್ಬರಲ್ಲ. ಆದುದರಿಂದ ಸಿದ್ಧತೆಯ ಮೊದಲ ಪಾಠಪುಸ್ತಕವೆಂದರೆ ಅರ್ಜಿಯ ಪ್ರತಿ.

ಹೊರನಾಡ ಕನ್ನಡಿಗರ ಮಕ್ಕಳು ಎಡವುವ ಸ್ಥಳವೂ ಇಲ್ಲಿಯೇ ಇದೆ. ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಹುಟ್ಟಿ ಬೆಳೆದವರು ಮಾತೃಭಾಷೆ ಕನ್ನಡ, ಮೂಲಸ್ಥಳ ಉಡುಪಿ ಎಂದು ಬರೆದಿರುತ್ತಾರೆ. ‘ನಿಮ್ಮ ಊರಿಗೂ ಬ್ಯಾಂಕಿಗೂ ಏನು ನಂಟು?’ ಎಂಬ ಪ್ರಶ್ನೆ ಬರುತ್ತದೆ. ಇದು ಉಪಕಾರದ ಪ್ರಶ್ನೆ; ಆದರೆ ಉಡುಪಿ ಹೋಟೆಲುಗಳ ವಿಷಯವಾಗಿ ಎರಡು ಮಾತಾಡಿ ಸುಮ್ಮನಾದವರನ್ನು ಕಂಡಿದ್ದೇನೆ.

ಹೇಳಬಹುದಾದದ್ದು ಎಷ್ಟಿತ್ತು! 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. ಅದೇ ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆ ಹುಟ್ಟಿತು. 1924ರಲ್ಲಿ ಮಂಗಳೂರಿನ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. ಸಿಂಡಿಕೇಟನ್ನು ಕಟ್ಟಿದವರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರು, ಒಬ್ಬರು ವೈದ್ಯರು—ಉಪೇಂದ್ರ ಪೈ, ವಾಮನ ಕುಡ್ವ, ಟಿ. ಎಂ. ಎ. ಪೈ. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನ ಪ್ರತಿನಿಧಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಮನೆಬಾಗಿಲಿನಲ್ಲಿ ಸಂಗ್ರಹಿಸುತ್ತಿದ್ದನು. ಈಗ ‘ಆರ್ಥಿಕ ಒಳಗೊಳ್ಳುವಿಕೆ’ ಎಂಬ ದೊಡ್ಡ ಹೆಸರಿನಿಂದ ಕೇಳುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹೇಳುವಾಗ ಕಾಲದೇಶಗಳ ಎಚ್ಚರವಿರಬೇಕು. ಈ ಬ್ಯಾಂಕುಗಳು ಹುಟ್ಟಿದಾಗ ಆ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನದ ಬ್ಯಾಂಕು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೇರೆಯಾಗಿ ಸ್ಥಾಪಿತವಾಯಿತು. ಕೆನರಾ, ಸಿಂಡಿಕೇಟುಗಳು 1969ರಲ್ಲಿಯೂ ಕಾರ್ಪೊರೇಷನ್, ವಿಜಯಾಗಳು 1980ರಲ್ಲಿಯೂ ರಾಷ್ಟ್ರೀಕೃತವಾದವು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರಲ್ಲಿ ಸಿಂಡಿಕೇಟು ಕೆನರಾದಲ್ಲಿಯೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ವಿಲೀನದಿಂದ ಲಾಭವೋ ನಷ್ಟವೋ ಎಂದು ಕೇಳಿದರೆ ಎರಡು ಪಕ್ಷವನ್ನೂ ಹೇಳಿ ತನ್ನ ಅಭಿಪ್ರಾಯವನ್ನೂ ಕೊಡಬೇಕು. ಅಭಿಪ್ರಾಯವೇ ಇಲ್ಲದವನನ್ನು ಅಧಿಕಾರಿಯನ್ನಾಗಿ ಮಾಡಿಕೊಳ್ಳಲು ಯಾರಿಗೂ ಆತುರವಿರುವುದಿಲ್ಲ.

ಇನ್ನು ಶಾಸ್ತ್ರಭಾಗ. ನಗದು ಮೀಸಲು ಪ್ರಮಾಣ, ಶಾಸನಬದ್ಧ ದ್ರವ್ಯತಾ ಪ್ರಮಾಣ, ರೆಪೋ ದರ—ಇವುಗಳ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಉರುಹೊಡೆದವನು ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ. ನಾನು ಸೂಚಿಸುವ ಅಭ್ಯಾಸವೊಂದಿದೆ: ಇವನ್ನು ಮನೆಯಲ್ಲಿ ತಾಯಿಗೋ ಅಜ್ಜಿಗೋ ಕನ್ನಡದಲ್ಲಿ ವಿವರಿಸಿ ನೋಡುವುದು. ‘ಜನ ಇಟ್ಟ ಹಣದಲ್ಲಿ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿಯೇ ಇಡಬೇಕು, ಅದಕ್ಕೆ ಬಡ್ಡಿ ಇಲ್ಲ, ಇನ್ನೊಂದು ಪಾಲನ್ನು ಸರ್ಕಾರಿ ಸಾಲಪತ್ರ, ಚಿನ್ನ, ನಗದುಗಳ ರೂಪದಲ್ಲಿ ಬ್ಯಾಂಕು ತಾನೇ ಇಟ್ಟುಕೊಳ್ಳಬೇಕು, ಅಲ್ಪಾವಧಿಗೆ ಹಣ ಸಾಲದೆ ಬಂದರೆ ಸಾಲಪತ್ರಗಳನ್ನು ಒತ್ತೆಯಾಗಿ ಕೊಟ್ಟು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಹಣದ ಬಡ್ಡಿಯೇ ರೆಪೋ ದರ’ ಎಂದು ಹೇಳಿದಾಗ ಅಜ್ಜಿ ‘ಆ ಬಡ್ಡಿ ಹೆಚ್ಚಿದರೆ ನಮ್ಮ ಮನೆಸಾಲದ ಕಂತೂ ಹೆಚ್ಚುತ್ತದೆಯೆ?’ ಎಂದು ಕೇಳುವುದು ಸಹಜ. ಮಂಡಲಿಯ ಮುಂದಿನ ಪ್ರಶ್ನೆಯೂ ಅದೇ. ಹೀಗೆ ಒಮ್ಮೆ ಸ್ವಭಾಷೆಯಲ್ಲಿ ಅರಗಿಸಿಕೊಂಡುದನ್ನು ಇಂಗ್ಲಿಷಿನಲ್ಲಿ ಹೇಳುವುದು ಕಷ್ಟವಲ್ಲ.

ವೇಷಭೂಷಣಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ, ಶುಚಿಯಾಗಿದ್ದರೆ ಸಾಕು. ತಿಳಿಯದುದನ್ನು ತಿಳಿಯದೆಂದರೆ ಮಂಡಲಿ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಊಹಿಸಿ ಹೇಳಿದರೆ ಅಲ್ಲಿಯೇ ನಿಂತು ಅಗೆಯುತ್ತದೆ.

ನಮ್ಮವರಿಗೆ ವಿಶೇಷವಾದ ಇನ್ನೊಂದು ತೊಡಕು ಹೆಸರಿನದು. ತಂದೆಯ ಹೆಸರನ್ನೂ ಊರನ್ನೂ ಮೊದಲಕ್ಷರಗಳಲ್ಲಿ ಅಡಗಿಸುವುದು ನಮ್ಮಲ್ಲಿ ಅನೇಕರ ಪದ್ಧತಿ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಮಹಾರಾಷ್ಟ್ರದ್ದು. ಶಾಲೆಯ ಪ್ರಮಾಣಪತ್ರದಲ್ಲಿ ಒಂದು, ಪದವಿಪತ್ರದಲ್ಲಿ ಇನ್ನೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ರೀತಿಯಾಗಿ ಬರೆದಿದ್ದರೆ, ಮೂಲಪತ್ರಗಳ ಪರಿಶೀಲನೆಯಲ್ಲಿ ಈ ಮೂವರೂ ಒಬ್ಬರೇ ಎಂದು ಸಾಧಿಸಬೇಕಾಗುತ್ತದೆ. ಪ್ರಮಾಣಪತ್ರ ಮಾಡಿಸುವುದಕ್ಕೂ ರಾಜಪತ್ರದಲ್ಲಿ ಪ್ರಕಟಿಸುವುದಕ್ಕೂ ಕಾಲ ಹಿಡಿಯುವುದರಿಂದ, ಕರೆಯೋಲೆ ಬರುವುದನ್ನು ಕಾಯದೆ ಅರ್ಜಿ ಹಾಕುವ ಮೊದಲೇ ಕಾಗದಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಿಕೊಳ್ಳತಕ್ಕದ್ದು.