ಮರಳು ಬಂಡೆಯಾದ ಬಗೆ, ಬಂಡೆಗೆ ಬಣ್ಣ ಬಂದ ಬಗೆ

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಪರಿಸರದಲ್ಲಿ ಬಾವಿ ತೋಡುವವರಿಗೆ ಮೊದಲು ಎದುರಾಗುವುದು ಎರೆಮಣ್ಣು, ಅದರಡಿಯಲ್ಲಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದ ಬಸಾಲ್ಟ್ ಅದು. ಅಲ್ಲಿಂದ ದಕ್ಷಿಣಕ್ಕೆ, ಗೋಕಾಕದ ಕಡೆಗೆ ಸಾಗಿದರೆ ಈ ಲಾವಾ ಹಾಸು ಮುಗಿಯುತ್ತದೆ; ಅದರಡಿಯಲ್ಲಿದ್ದ ಕೆಂಪು, ಹಳದಿ ಛಾಯೆಯ ಬಂಡೆಗಳು ತಲೆಯೆತ್ತುತ್ತವೆ. ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುವುದು ಇಂಥದೇ ಬಂಡೆಯ ಅಂಚಿನಿಂದ.

ಈ ಶಿಲೆಗಳಿಗೆ 'ಕಲಾದಗಿ' ಎಂಬ ಹೆಸರನ್ನು ಬಳಕೆಗೆ ತಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅವರ ವರದಿ ಪ್ರಕಟವಾದದ್ದು 1876ರಲ್ಲಿ. ಈ ಸಮೂಹದ ಪ್ರಮುಖ ಸದಸ್ಯನೇ ಕ್ವಾರ್ಟ್ಜೈಟ್. ಸವದತ್ತಿಯ ಬಳಿ ಮಲಪ್ರಭೆ ಇಕ್ಕಟ್ಟಾದ ಕಮರಿ ಕೊರೆದುಕೊಂಡಿರುವುದು ಈ ಶಿಲೆಯಲ್ಲಿ. ಅದೇ ನವಿಲುತೀರ್ಥ, ಅಣೆಕಟ್ಟೆ ನಿಂತಿರುವುದೂ ಅಲ್ಲಿಯೇ.

ಕ್ವಾರ್ಟ್ಜೈಟಿನ ಮೂಲ ಮರಳು. ಬೆಟ್ಟದ ಕಲ್ಲು ಬಿಸಿಲು ಮಳೆಗೆ ಸವೆದಾಗ ಅದರಲ್ಲಿನ ಬಹುತೇಕ ಖನಿಜಗಳು ಕೊಳೆತು ಜೇಡಿಯಾಗುತ್ತವೆ. ಬೆಣಚುಕಲ್ಲಿನ ಕಣಗಳು ಮಾತ್ರ ಕೊಳೆಯುವುದಿಲ್ಲ. ನದಿಯೂ ಅಲೆಯೂ ಅವನ್ನು ತೊಳೆದು, ಜಾಲಿಸಿ ದಡದಲ್ಲಿ ರಾಶಿ ಹಾಕುತ್ತವೆ. ಮೇಲಿಂದ ಮೇಲೆ ಪದರಗಳು ಬಿದ್ದಂತೆ ಕೆಳಗಿನ ಮರಳು ಒತ್ತಿಕೊಂಡು, ನೀರಿನಲ್ಲಿ ಕರಗಿದ್ದ ಸಿಲಿಕಾ ಗಾರೆಯಂತೆ ಸಂದುಗಳನ್ನು ಬೆಸೆದು ಮರಳುಗಲ್ಲಾಗುತ್ತದೆ. ಭೂಗರ್ಭದ ಶಾಖ ಹಾಗೂ ಒತ್ತಡ ಮತ್ತೂ ಹೆಚ್ಚಿದರೆ ಕಣಗಳೇ ಮರುಹರಳುಗಟ್ಟಿ, ಕಣಕ್ಕೂ ಗಾರೆಗೂ ಭೇದ ಉಳಿಯದ ರೂಪಾಂತರ ಶಿಲೆಯಾಗುತ್ತದೆ.

ಈ ಎರಡರ ನಡುವಿನ ಗೆರೆ ಸ್ಪಷ್ಟವಲ್ಲ. ಗೋಕಾಕದ ಬಂಡೆಯನ್ನು ಕೆಲವರು ಮರಳುಗಲ್ಲೆಂದೂ ಕೆಲವರು ಕ್ವಾರ್ಟ್ಜೈಟ್ ಎಂದೂ ಬರೆದಿರುವುದು ಅದಕ್ಕಾಗಿಯೇ. ಸುತ್ತಿಗೆಯ ಪೆಟ್ಟು ಒಂದು ಪರೀಕ್ಷೆ: ಮರಳುಗಲ್ಲು ಕಣಗಳ ಸುತ್ತಲೂ ಬಿರಿದು ಒರಟಾಗುತ್ತದೆ, ಕ್ವಾರ್ಟ್ಜೈಟ್ ಕಣಗಳನ್ನೇ ಸೀಳಿಕೊಂಡು ನುಣುಪಾಗಿ ಒಡೆಯುತ್ತದೆ. ಹೀಗೆ ಒಡೆದಾಗ ದೊರೆಯುವ ಹರಿತವಾದ ಅಂಚನ್ನು ಆದಿಮಾನವ ಚೆನ್ನಾಗಿಯೇ ಬಲ್ಲ. ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಸಿಕ್ಕಿರುವ ಹಳೆಯ ಶಿಲಾಯುಗದ ಕೈಗೊಡಲಿಗಳು ಹೆಚ್ಚಾಗಿ ಕ್ವಾರ್ಟ್ಜೈಟಿನವು. ಚಾಲುಕ್ಯರ ಶಿಲ್ಪಿಗಳಾದರೋ ಉಳಿಗೆ ಬಗ್ಗುವ ಬಾದಾಮಿಯ ಮರಳುಗಲ್ಲನ್ನು ಕೊರೆದರು.

ಇನ್ನು ಬಣ್ಣದ ವಿಚಾರ. ಬೆಣಚುಕಲ್ಲಿಗೆ ಸ್ವಂತ ಬಣ್ಣವಿಲ್ಲ. ಶುದ್ಧ ಕ್ವಾರ್ಟ್ಜೈಟ್ ಬಿಳಿ ಇಲ್ಲವೇ ಬೂದು. ಉಳಿದದ್ದೆಲ್ಲ ಬೆರಕೆಯ ಪ್ರಭಾವ. ಕಣಗಳ ಮೇಲೆ ತೆಳುವಾಗಿ ಲೇಪಗೊಂಡ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್, ಗುಲಾಬಿಯಿಂದ ಇಟ್ಟಿಗೆ ಕೆಂಪಿನವರೆಗಿನ ಛಾಯೆ ಕೊಡುತ್ತದೆ. ಶೇ 1ಕ್ಕಿಂತ ಕಡಿಮೆ ಇದ್ದರೂ ಸಾಕು. ಅದೇ ಕಬ್ಬಿಣ ನೀರಿನೊಡನೆ ಸೇರಿದಾಗ ಹಳದಿ, ಕಂದು. ಬಿರುಕಿನಲ್ಲಿ ಇಳಿದ ನೀರು ಕಬ್ಬಿಣವನ್ನು ತೊಳೆದೊಯ್ದಲ್ಲಿ ಬಿಳಿ ಪಟ್ಟೆ ಮೂಡುತ್ತದೆ; ಒಂದೇ ಬಂಡೆಯಲ್ಲಿ ಮೂರು ಬಣ್ಣ ಕಾಣುವುದು ಹೀಗೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಹಸಿರು ಕ್ವಾರ್ಟ್ಜೈಟಿಗೆ ಮಾತ್ರ ಕಾರಣ ಬೇರೆ. ಅಲ್ಲಿನದು ಕ್ರೋಮಿಯಂ ಇರುವ ಫುಕ್ಸೈಟ್ ಎಂಬ ಅಭ್ರಕದ ಕೊಡುಗೆ.

ಮನೆ ಕಟ್ಟಿಸುವವರು ಬಣ್ಣವೊಂದನ್ನೇ ನೋಡಿ ಮೋಸಹೋಗುವುದುಂಟು. ಅಮೃತಶಿಲೆಯ ಮೇಲೆ ನಿಂಬೆರಸ ಬಿದ್ದರೆ ಹೊಳಪು ಮಾಸುತ್ತದೆ, ಚಾಕುವಿನ ಮೊನೆಗೆ ಗೀರು ಬೀಳುತ್ತದೆ. ನಿಜವಾದ ಕ್ವಾರ್ಟ್ಜೈಟಿಗೆ ಎರಡೂ ತಟ್ಟುವುದಿಲ್ಲ, ಅದೇ ಗಾಜನ್ನು ಗೀರುತ್ತದೆ. ಅಂಗಡಿಯಲ್ಲಿ 'ಕ್ವಾರ್ಟ್ಜ್' ಎಂದು ಮಾರುವ ಹಲಗೆಯಂತೂ ಬೆಣಚಿನ ಪುಡಿಯನ್ನು ರಾಳದೊಡನೆ ಅಚ್ಚು ಹಾಕಿದ್ದು, ಗಣಿಯಿಂದ ಬಂದ ಶಿಲೆಯಲ್ಲ.

ಎರಡನ್ನು ಕೊಯ್ದಾಗಲೂ ಏಳುವ ದೂಳು ಮಾತ್ರ ಒಂದೇ. ಬೆಣಚು ಮೈಯೊಳಗೂ ಕರಗುವುದಿಲ್ಲ; ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದಲ್ಲಿ ನೆಲೆಸಿ ಕಲೆಗಟ್ಟಿಸುತ್ತವೆ. ಇದೇ ಸಿಲಿಕೋಸಿಸ್. ಗುಣಪಡಿಸುವ ಔಷಧವಿಲ್ಲ. ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 1997ರಲ್ಲಿ ಈ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಗರಗಸದ ಬಾಯಿಗೆ ನೀರು ಬಿಟ್ಟುಕೊಂಡು ಕೊಯ್ದರೆ ದೂಳು ಬಹುಮಟ್ಟಿಗೆ ಅಡಗುತ್ತದೆ. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆ ಈ ಕಣಗಳನ್ನು ತಡೆಯಲಾರದು.